ಬಿಸಿಲಿಗೆ ಹೆದರಿ ಮಣ್ಣು ಸೇರಿದವರು

ಏಪ್ರಿಲ್ ಹೊತ್ತಿಗೆ ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರು ನಿಲ್ಲುತ್ತದೆ. ಗಂಗಾವತಿಯ ಗದ್ದೆಗಳಲ್ಲಿ ಭತ್ತದ ಕೊಯ್ಲು ಮುಗಿದು ಕೆಸರು ಒಣಗತೊಡಗಿದರೆ, ಅಲ್ಲಿ ಓಡಾಡಿಕೊಂಡಿದ್ದ ಪೈಲಾ ಜಾತಿಯ ದೊಡ್ಡ ಬಸವನಹುಳುಗಳು ಮಾಯ! ಅವು ಹೋಗಿರುವುದು ದೂರಕ್ಕಲ್ಲ, ಕಾಲಡಿಯ ಮಣ್ಣಿಗೆ. ಮೈಯನ್ನು ಚಿಪ್ಪಿನೊಳಗೆ ಎಳೆದುಕೊಂಡು, ಪಾದದ ಹಿಂಭಾಗಕ್ಕೆ ಅಂಟಿಕೊಂಡಿರುವ ಗಟ್ಟಿ ಮುಚ್ಚಳವನ್ನು ಬಾಯಿಗೆ ಬಿಗಿದುಕೊಂಡರೆ ಮುಗಿಯಿತು, ಮಳೆಯವರೆಗೂ ಉಪವಾಸ.

ಇದು ಗ್ರೀಷ್ಮನಿದ್ರೆ. ಪೈಲಾಗೆ ಕಿವಿರೂ ಇದೆ, ಗಾಳಿ ಉಸಿರಾಡಲು ಶ್ವಾಸಚೀಲವೂ ಇದೆ. ಮಣ್ಣಿನೊಳಗೆ ಎರಡನೆಯದು ಕೆಲಸಕ್ಕೆ ಬರುತ್ತದೆ. ದೇಹದ ಕಶ್ಮಲ ಹೊರಹಾಕಲು ನೀರು ಖರ್ಚು ಮಾಡದೆ, ಅದನ್ನು ಯೂರಿಕ್ ಆಮ್ಲವಾಗಿಸಿ ಒಳಗೇ ಇಟ್ಟುಕೊಳ್ಳುತ್ತದೆ.

ಬಸವನಹುಳುಗಳ ತಾಳ್ಮೆಗೆ ಲಂಡನ್ನಿನಲ್ಲೊಂದು ಪುರಾವೆ ಸಿಕ್ಕಿದೆ. ಈಜಿಪ್ಟಿನ ಮರುಭೂಮಿಯ ಬಸವನಹುಳುವೊಂದನ್ನು ಬ್ರಿಟಿಷ್ ಮ್ಯೂಸಿಯಂನವರು 1846ರ ಮಾರ್ಚ್‌ನಲ್ಲಿ ಖಾಲಿ ಚಿಪ್ಪೆಂದುಕೊಂಡು ರಟ್ಟಿಗೆ ಅಂಟಿಸಿಟ್ಟರು. 1850ರ ಮಾರ್ಚ್‌ನಲ್ಲಿ ಅನುಮಾನ ಬಂದು ಬೆಚ್ಚನೆ ನೀರಿಗೆ ಹಾಕಿದರೆ, ಹುಳು ತಲೆ ಹೊರಗಿಟ್ಟು ನಡೆಯಿತು.

ಯಲಬುರ್ಗಾದ ಮಸಾರಿ ಹೊಲಗಳಿಗೆ ಕಾಲುವೆಯ ಹಂಗಿಲ್ಲ, ಮಳೆಯೇ ಗತಿ. ಅಲ್ಲಿ ನೆಲ ಅಗೆಯುವ ಕಪ್ಪೆಗಳ ಕೆಲಸ ನೋಡಬೇಕು. ದುಂಡು ಮೈ, ಗಿಡ್ಡ ಕಾಲು. ಹಿಂಗಾಲಿನ ಅಡಿಯಲ್ಲಿ ಸಲಿಕೆಯಂಥ ಗಟ್ಟಿ ಗುಬುಟು. ಅದರಿಂದ ಮಣ್ಣನ್ನು ಅತ್ತಿತ್ತ ತಳ್ಳುತ್ತ ಹಿಮ್ಮುಖವಾಗಿ ಇಳಿಯುತ್ತವೆ. ಮೊದಲು ಹಿಂಭಾಗ ಮುಳುಗುತ್ತದೆ, ಕೊನೆಗೆ ಕಣ್ಣು. ಮೂತ್ರಕೋಶದಲ್ಲಿ ತುಂಬಿಕೊಂಡ ನೀರೇ ಒಳಗಿನ ಬುತ್ತಿ.

ನಿದ್ದೆ ಮಾಡುವವರೆಲ್ಲ ಪಾಪದವರೇನಲ್ಲ. ಶೇಂಗಾ ಬೆಳೆಗಾರರ ವೈರಿ ಕೆಂಪು ಕಂಬಳಿ ಹುಳು ಕೋಶಾವಸ್ಥೆಯಲ್ಲಿ ತಿಂಗಳುಗಟ್ಟಲೆ ಹೊಲದ ಮಣ್ಣಿನಲ್ಲೇ ಬಿದ್ದಿರುತ್ತದೆ. ಮುಂಗಾರಿನ ದೊಡ್ಡ ಮಳೆಯಾದೊಡನೆ ಪತಂಗಗಳು ಒಟ್ಟಿಗೇ ಎದ್ದು ಬಂದು ಮೊಟ್ಟೆಯಿಡುತ್ತವೆ. ಬೇಸಿಗೆಯಲ್ಲಿ ಆಳವಾಗಿ ಉತ್ತರೆ ಕೋಶಗಳು ಮೇಲೆ ಬಿದ್ದು ಒಣಗುತ್ತವೆ, ಉಳಿದವು ಕಾಗೆ–ಬೆಳ್ಳಕ್ಕಿಗಳ ಪಾಲು. ನಿದ್ದೆಯಲ್ಲಿರುವ ಶತ್ರುವನ್ನು ಹೊಡೆಯುವುದು ಯುದ್ಧನೀತಿಗೆ ಒಪ್ಪದಿರಬಹುದು, ಒಕ್ಕಲುತನಕ್ಕೆ ಒಪ್ಪುತ್ತದೆ.

ಕೆರೆಯ ಆಮೆಯ ವಿಷಯ ಬೇರೆ. ಕೆರೆ ಬತ್ತಿದಾಗ ಮೆದುಚಿಪ್ಪಿನ ಆಮೆ ಹೂಳಿನಲ್ಲಿ ಹುದುಗುತ್ತದೆ. ಹಿಂಗಾಲು ಒಳಗೆಳೆದುಕೊಂಡರೆ ಹೊಟ್ಟೆಯ ಬದಿಯ ಎರಡು ಚರ್ಮದ ಮಡಿಕೆಗಳು ಬಾಗಿಲಿನ ಹಾಗೆ ಮುಚ್ಚಿಕೊಳ್ಳುತ್ತವೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಇದಕ್ಕೆ ರಕ್ಷಣೆಯಿದೆ. ಆದರೆ ನಾವು ಹೂಳೆತ್ತುವುದೂ ಅದೇ ಬೇಸಿಗೆಯಲ್ಲಿ.

ಹೂಳೆತ್ತಲೇಬೇಕು, ಅದರಲ್ಲಿ ಎರಡು ಮಾತಿಲ್ಲ. 2019ರಲ್ಲಿ ಕೊಪ್ಪಳ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಮುಂದೆ ನಿಂತು ಹಿರೇಹಳ್ಳ ಸ್ವಚ್ಛಗೊಳಿಸಿದ್ದನ್ನು ಜಿಲ್ಲೆ ಕಂಡಿದೆ. ಕುಷ್ಟಗಿಯ ನಿಡಶೇಸಿ ಕೆರೆಗೂ ಜನ ಕೈಜೋಡಿಸಿದರು. ನೀರು ನಿಂತರೆ ಆಮೆಗೂ ಲಾಭವೇ. ಆದರೂ ಜೆಸಿಬಿ ಬಕೆಟ್ಟಿಗೆ ಹೂಳು ಯಾವುದು, ಆಮೆ ಯಾವುದು ಗೊತ್ತಾಗುವುದಿಲ್ಲ. ಎರಡೂ ಟ್ರ್ಯಾಕ್ಟರ್ ಏರಿ ಹೊಲಕ್ಕೆ ಹೋಗಬಹುದು. ಅರ್ಧ ಕೆರೆಯನ್ನು ಈ ಬೇಸಿಗೆಯಲ್ಲಿ, ಇನ್ನರ್ಧವನ್ನು ಮುಂದಿನ ಬೇಸಿಗೆಯಲ್ಲಿ ತೋಡುವುದು ಕಷ್ಟದ ಮಾತಲ್ಲ. ಮಣ್ಣು ಸುರಿಯುವ ಕಡೆ ಒಬ್ಬರು ನಿಂತು ನೋಡಿ, ಆಮೆ ಕಂಡರೆ ಅರಣ್ಯ ಇಲಾಖೆಗೆ ಫೋನ್ ಮಾಡಿದರೂ ನಡೆದೀತು.