ಬಾಯಿಮಾತಿನ ವಾರ-ಗುತ್ತಿಗೆಯೂ ಜಮೀನುದಾರರು ವಹಿಸಬೇಕಾದ ಎಚ್ಚರಿಕೆಯೂ

ಬೇಲೂರು ತಾಲ್ಲೂಕು ಮಾದಿಹಳ್ಳಿ ಹೋಬಳಿಯಂಥ ಸೀಮೆಯಲ್ಲಿ ಮುಂಗಾರು ಸಮೀಪಿಸಿತೆಂದರೆ, ಪರಸ್ಥಳದಲ್ಲಿ ಉದ್ಯೋಗದಲ್ಲಿರುವವರೂ ವೃದ್ಧರೂ ವಿಧವೆಯರೂ ತಮ್ಮ ಹೊಲಗಳನ್ನು ಆಲೂಗಡ್ಡೆ, ರಾಗಿ ಅಥವಾ ಶುಂಠಿಯ ಬೆಳೆಗಾಗಿ ನೆರೆಯವರಿಗೆ ವಾರಕ್ಕೋ ಗುತ್ತಿಗೆಗೋ ಬಿಟ್ಟುಕೊಡುವುದುಂಟು. ಊರಿನ ಮುಖಂಡರೇ ಮಧ್ಯಸ್ಥರಾಗಿ ನಿಂತು ಮಾತು ಕುದುರಿಸುವುದೂ ಉಂಟು. ಈ ವಾಡಿಕೆಗೆ ಕಾನೂನಿನ ಆಧಾರವೆಷ್ಟೆಂಬುದನ್ನು ಮುಖಂಡರೂ ಜಮೀನುದಾರರೂ ಅವಶ್ಯವಾಗಿ ತಿಳಿದಿರತಕ್ಕದ್ದು.

ಕರ್ನಾಟಕ ಭೂ ಸುಧಾರಣಾ ಅಧಿನಿಯಮವು 1961ರದು. 1965ನೆಯ ಅಕ್ಟೋಬರ್ 2ರಿಂದ ಜಾರಿಗೆ ಬಂದಿತು. ಅದಕ್ಕೆ ಮಾಡಿದ ತಿದ್ದುಪಡಿಯು 1974ನೆಯ ಮಾರ್ಚ್ 1ರಿಂದ ಅಮಲಿಗೆ ಬಂದು, ಅಂದು ಗೇಣಿಯಲ್ಲಿದ್ದ ಜಮೀನುಗಳು ಸರ್ಕಾರಕ್ಕೆ ಸೇರಿದುವು. ಅವುಗಳನ್ನು ಉಳುತ್ತಿದ್ದ ಗೇಣಿದಾರರು ಭೂ ನ್ಯಾಯಮಂಡಲಿಗೆ ಅರ್ಜಿಯಿಟ್ಟು ಅಧಿಭೋಗದ ಹಕ್ಕನ್ನು ಪಡೆದರು. ಅಂದಿನಿಂದ ಈಚೆಗೆ ವ್ಯವಸಾಯದ ಜಮೀನನ್ನು ಎಷ್ಟೇ ಅಲ್ಪಾವಧಿಗಾದರೂ ಗೇಣಿಗೆ ಕೊಡಕೂಡದೆಂದು 5ನೆಯ ಪ್ರಕರಣವು ವಿಧಿಸುತ್ತದೆ. ನಮ್ಮ ಸೀಮೆಗೆ ಅನ್ವಯಿಸುವ ಮುಖ್ಯ ವಿನಾಯಿತಿಯು ಸೇವೆಯಲ್ಲಿರುವ ಸೈನಿಕರಿಗೂ ನಾವಿಕರಿಗೂ ಸಂಬಂಧಪಟ್ಟುದು. ಅವರು ಕೊಡುವ ಗೇಣಿಯೂ ಬರೆಹದಲ್ಲಿಯೇ ಇರಬೇಕು.

ಆದಕಾರಣ ಬಾಯಿಮಾತಿನ ಗುತ್ತಿಗೆಯಿಂದ ಉಭಯಪಕ್ಷಕ್ಕೂ ನಷ್ಟವೇ ಸರಿ. ಕಾನೂನು ನಿಷೇಧಿಸಿದ ಉದ್ದೇಶವುಳ್ಳ ಕರಾರು ಊರ್ಜಿತವಲ್ಲವೆಂದು 1872ರ ಕರಾರು ಅಧಿನಿಯಮದ 23ನೆಯ ಪ್ರಕರಣವು ಹೇಳುತ್ತದೆ. ಛಾಪಾ ಕಾಗದದ ಮೇಲೆ ಬರೆದು ಸಾಕ್ಷಿಗಳ ರುಜು ಹಾಕಿಸಿದ ಮಾತ್ರಕ್ಕೆ ಈ ದೋಷವು ಹೋಗಲಾರದು. ಗುತ್ತಿಗೆಯ ಹಣ ನಿಂತರೆ ಜಮೀನುದಾರನು ಆ ಕರಾರಿನ ಮೇಲೆ ದಾವೆ ಹೂಡಿ ವಸೂಲು ಮಾಡುವುದು ಕಷ್ಟ. ಅತ್ತ ಉತ್ತವನ ಸ್ಥಿತಿ ಇನ್ನೂ ಶೋಚನೀಯ: ಬೆಳೆಸಾಲವೂ ಅತಿವೃಷ್ಟಿಯ ಪರಿಹಾರವೂ ಸಾಮಾನ್ಯವಾಗಿ ಪಹಣಿಯಲ್ಲಿ ಹೆಸರಿರುವ ಹಿಡುವಳಿದಾರನಿಗೆ ಸಲ್ಲುತ್ತವೆ; ಬೀಜ, ಗೊಬ್ಬರಗಳಿಗೆ ಹಣ ಸುರಿದವನು ಬರಿಗೈಯಲ್ಲಿ ನಿಲ್ಲುತ್ತಾನೆ.

ಇಂದು ಹೊಲ ಕೊಟ್ಟರೆ ನಾಳೆ ಉಳುವವನೇ ಒಡೆಯನಾಗುವನೆಂಬ ಭಯವು ಅನೇಕ ಜಮೀನುದಾರರಲ್ಲಿದೆ. ಆ ಹಕ್ಕು 1974ನೆಯ ಮಾರ್ಚ್ 1ಕ್ಕೆ ಮುಂಚಿನ ಗೇಣಿದಾರರಿಗೆ ಸಂಬಂಧಿಸಿದುದು. ಆಮೇಲಿನ ಗುತ್ತಿಗೆಯಿಂದ ಅದು ಹುಟ್ಟುವುದಿಲ್ಲ. ಆದರೂ ಈ ಭಯದಿಂದಲೇ ಲೆಕ್ಕಪತ್ರವಿಡದೆ, ಪ್ರತಿವರ್ಷ ಆಳು ಬದಲಿಸುತ್ತ, ಭೂಮಿಯ ಸಾರವನ್ನೂ ಊರಿನ ಸ್ನೇಹವನ್ನೂ ಕೆಡಿಸಿಕೊಳ್ಳುವವರಿದ್ದಾರೆ.

ಕಾನೂನಿಗೊಪ್ಪುವ ಮಾರ್ಗಗಳು ಇಲ್ಲದೆ ಇಲ್ಲ. ಮೊದಲನೆಯದಾಗಿ, ಹಿಡುವಳಿದಾರನಾಗಲಿ ಅವನ ಕುಟುಂಬದವರಾಗಲಿ ಖುದ್ದು ಮೇಲ್ವಿಚಾರಣೆ ನಡೆಸುತ್ತ ಕೂಲಿಯಾಳುಗಳಿಂದ ಬೇಸಾಯ ಮಾಡಿಸಿದರೆ ಅದು ಸ್ವಂತ ಸಾಗುವಳಿಯೆಂದೇ ಎಣಿಕೆಯಾಗುತ್ತದೆ. ಕೂಲಿಯನ್ನು ಹಣದಲ್ಲಾಗಲಿ ಧಾನ್ಯದಲ್ಲಾಗಲಿ ಕೊಡಬಹುದು. ಬೆಳೆಯ ಪಾಲಾಗಿ ಮಾತ್ರ ಕೊಡಕೂಡದು. ದಿನಕ್ಕೆ ಇಷ್ಟು ಸೇರು ರಾಗಿಯೆಂದರೆ ಅದು ಕೂಲಿ. ಕಣದಲ್ಲಿ ಅರ್ಧ ರಾಶಿಯೆಂದರೆ ಅದು ವಾರ. ಕೂಲಿ ಕೊಟ್ಟ ದಿನವೂ ಮೊಬಲಗೂ ಪುಸ್ತಕದಲ್ಲಿ ದಾಖಲಾಗಿರಲಿ. ಎರಡನೆಯದಾಗಿ, ತಾನು ಬೆಳೆದ ಪೈರನ್ನು ನಿಂತಿರುವಂತೆಯೇ ಮಾರಲು ಅಡ್ಡಿಯಿಲ್ಲ. 1930ರ ಸರಕು ಮಾರಾಟ ಅಧಿನಿಯಮದಂತೆ ನಿಂತ ಬೆಳೆಯೂ ಸರಕೇ. ಮೂರನೆಯದಾಗಿ, ನೆರೆಯವನಿಂದ ಸಾಲ ಪಡೆದರೆ ಅದನ್ನು ಸಾಲವೆಂದೇ ಬರೆಯಬೇಕು. ಜಮೀನಿನ ಮಾತನ್ನು ಅದರಲ್ಲಿ ಬೆರೆಸಬಾರದು.

ಇಷ್ಟಾದರೂ ವ್ಯಾಜ್ಯ ಬಂದಲ್ಲಿ ಬಲಾತ್ಕಾರಕ್ಕೆ ಎಂದಿಗೂ ಕೈಹಾಕತಕ್ಕದ್ದಲ್ಲ. ಸ್ವಾಧೀನದಲ್ಲಿರುವವನನ್ನು ಅವನ ಒಪ್ಪಿಗೆಯಿಲ್ಲದೆ, ಕಾನೂನಿನ ಕ್ರಮವಿಲ್ಲದೆ ಹೊರಗೆ ಹಾಕಿದರೆ, ಅವನು ಆರು ತಿಂಗಳೊಳಗಾಗಿ ದಾವೆ ಹೂಡಿ ಸ್ವಾಧೀನವನ್ನು ಮರಳಿ ಕೇಳಬಹುದು. ಒಡೆತನ ಯಾರದೆಂಬ ವಿಚಾರ ಅಲ್ಲಿ ಅಡ್ಡಬರುವುದಿಲ್ಲ. ಇದು 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ 6ನೆಯ ಪ್ರಕರಣದ ವಿಧಿ. ಬದುವಿನ ತಕರಾರಿಗೆ ಹದ್ದುಬಸ್ತಿನ ಅರ್ಜಿ ಕೊಟ್ಟು ಅಳತೆ ಮಾಡಿಸಬೇಕು. ಪಹಣಿಯ 9ನೆಯ ಅಂಕಣದಲ್ಲಿ ಸ್ವಾಧೀನದಾರನ ಹೆಸರನ್ನೂ 12ನೆಯದರಲ್ಲಿ ಸಾಗುವಳಿಯ ವಿವರವನ್ನೂ ವರ್ಷಕ್ಕೊಮ್ಮೆ ಪರೀಕ್ಷಿಸಿ, ತಪ್ಪು ಕಂಡರೆ ತಹಶೀಲ್ದಾರರಿಗೆ ಅರ್ಜಿ ಕೊಡಬೇಕು. ಖಾತೆ ಬದಲಾವಣೆಯ ಆಜ್ಞೆಯ ಮೇಲೆ ಸಕಲೇಶಪುರದ ಉಪವಿಭಾಗಾಧಿಕಾರಿಗಳಲ್ಲಿ ಮೇಲ್ಮನವಿ ಸಲ್ಲುತ್ತದೆ. ಪಹಣಿಯ ನಮೂದು ಸುಳ್ಳೆಂದು ರುಜುವಾತಾಗುವವರೆಗೆ ನಿಜವೆಂದು ಭಾವಿಸಲ್ಪಡುತ್ತದೆಯೇ ಹೊರತು ಅದೇ ಹಕ್ಕುಪತ್ರವಲ್ಲ. ಒಡೆತನದ ಕಡೆಯ ತೀರ್ಮಾನವು ಸಿವಿಲ್ ನ್ಯಾಯಾಲಯದ್ದು.

ವಕೀಲರ ವೆಚ್ಚವನ್ನು ಭರಿಸಲಾರದವರು ತಾಲ್ಲೂಕು ಕಾನೂನು ಸೇವೆಗಳ ಸಮಿತಿಯನ್ನು ಕಾಣಬಹುದು. ಸ್ತ್ರೀಯರೂ ಪರಿಶಿಷ್ಟ ಜಾತಿ-ಪಂಗಡಗಳವರೂ ವರಮಾನವೆಷ್ಟೇ ಇದ್ದರೂ 1987ರ ಅಧಿನಿಯಮದಂತೆ ಈ ನೆರವಿಗೆ ಅರ್ಹರು. ಲೋಕ ಅದಾಲತ್ತಿನಲ್ಲಿ ಆದ ರಾಜಿಯು ನ್ಯಾಯಾಲಯದ ಡಿಕ್ರಿಗೆ ಸಮಾನವಾದುದು. ಅದರ ಮೇಲೆ ಅಪೀಲಿಲ್ಲ.

ಗ್ರಾಮದ ಮುಖಂಡರ ಮಾತಿಗೆ ಇಂದಿಗೂ ತೂಕವಿದೆ. ಕಾನೂನು ಒಪ್ಪದ ಗುತ್ತಿಗೆಗೆ ಸಾಕ್ಷಿ ನಿಲ್ಲುವುದನ್ನು ಬಿಟ್ಟು, ಕೂಲಿಯ ಲೆಕ್ಕವನ್ನು ಬರೆಯಿಸುವುದಕ್ಕೂ ಪಹಣಿಯನ್ನು ಓದಿಸುವುದಕ್ಕೂ ಅವರು ಮುಂದಾದಲ್ಲಿ, ಒಬ್ಬ ವಿಧವೆಯ ಎರಡೆಕರೆಯೂ ಒಬ್ಬ ರೈತನ ಒಂದು ವರ್ಷದ ದುಡಿಮೆಯೂ ಉಳಿಯುವುವು.