ಮೂರನೇ ತಿಂಗಳಲ್ಲಿ ರಾಡ್ ಯಾಕೆ ಮೇಲೇಳುವುದಿಲ್ಲ?

ಜಿಮ್‌ಗೆ ಹೊಸದಾಗಿ ಸೇರಿದವರಿಗೆ ಮೊದಲ ತಿಂಗಳು ಭಾರೀ ಹುರುಪು. ಮೊದಲ ದಿನ ಬೆಂಚ್ ಮೇಲೆ ಮಲಗಿ ಎತ್ತಿದಾಗ 20 ಕೆ.ಜಿ.ಯ ಖಾಲಿ ರಾಡೇ ಗಡಗಡ ನಡುಗಿರುತ್ತದೆ. ಬಲಗೈ ಮೇಲೆ ಹೋದರೂ ಎಡಗೈ ಅರ್ಧದಲ್ಲೇ ನಿಂತಿರುತ್ತದೆ. ಮೂರನೇ ವಾರಕ್ಕೆ ಎರಡೂ ಕಡೆ ಐದೈದು ಕೆ.ಜಿ. ಪ್ಲೇಟ್ ಹಾಕಿದರೂ ಅದೇ ರಾಡ್ ನೆಟ್ಟಗೆ ಮೇಲೇಳುತ್ತದೆ. ಹೀಗೇ ಹೋದರೆ ವರ್ಷದೊಳಗೆ ನೂರು ಕೆ.ಜಿ. ಗ್ಯಾರಂಟಿ ಎಂದು ಮನಸ್ಸು ಲೆಕ್ಕ ಹಾಕತೊಡಗುತ್ತದೆ. ಮೂರನೇ ತಿಂಗಳಿಗೆ ಈ ಲೆಕ್ಕ ತಲೆಕೆಳಗಾಗುತ್ತದೆ. ವಾರಗಟ್ಟಲೆ ಅದೇ ತೂಕ, ಅದೇ ಎಂಟು ರೆಪ್. ಒಂದೊಂದು ದಿನ ಏಳಕ್ಕೇ ಕೈ ಸೋಲುತ್ತದೆ. ಪ್ರೋಟೀನ್ ಡಬ್ಬಿಯ ಬೆಲೆ ವಿಚಾರಿಸುವುದು, ಯೂಟ್ಯೂಬ್ ನೋಡಿ ವಾರಕ್ಕೊಂದು ವ್ಯಾಯಾಮ ಬದಲಿಸುವುದು, ಕಡೆಗೆ ಫೀಸು ಕಟ್ಟಿಯೂ ಹೋಗದೇ ಇರುವುದು ಎಲ್ಲ ಶುರುವಾಗುವುದು ಸಾಮಾನ್ಯವಾಗಿ ಇಲ್ಲಿಂದಲೇ.

ಅಭ್ಯಾಸದಲ್ಲಿ ಏನೋ ತಪ್ಪಾಗಿದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ನಾವು ತಪ್ಪಾಗಿ ಓದಿಕೊಂಡಿರುವುದು ಮೊದಲ ತಿಂಗಳನ್ನು. ಆಗ ಹೆಚ್ಚಿದ ಬಲದಲ್ಲಿ ಸ್ನಾಯುವಿನ ಪಾಲು ಬಹಳ ಸಣ್ಣದು.

1990ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಬಾಸ್ಟನ್ನಿನ ಸಂಶೋಧಕಿ ಮಾರಿಯಾ ಫಿಯಾಟರೋನ್ ಮತ್ತು ಸಂಗಡಿಗರು ಆರೈಕೆ ಕೇಂದ್ರವೊಂದರಲ್ಲಿದ್ದ ಹತ್ತು ಮಂದಿ ವೃದ್ಧರನ್ನು ಆರಿಸಿಕೊಂಡರು. ಅವರ ಸರಾಸರಿ ವಯಸ್ಸು 90. ಎಂಟು ವಾರ ಅವರಿಂದ ಕಾಲಿನಲ್ಲಿ ಭಾರ ಎತ್ತಿಸಿದರು, ಅದೂ ಹಗುರವಾದ ಭಾರವಲ್ಲ. ಕೊನೆಯಲ್ಲಿ ಅಳೆದಾಗ ಕಾಲಿನ ಬಲ ಸರಾಸರಿ ಶೇ. 174ರಷ್ಟು ಏರಿತ್ತು. ತೊಡೆಯ ಸ್ನಾಯುವಿನ ಗಾತ್ರ ಹೆಚ್ಚಿದ್ದು ಮಾತ್ರ ಶೇ. 9. ಬಲ ಎರಡೂವರೆ ಪಟ್ಟಿಗೂ ಮೀರಿ ಬೆಳೆದಿದೆ, ಮಾಂಸ ಹತ್ತರಲ್ಲಿ ಒಂದು ಪಾಲೂ ಬೆಳೆದಿಲ್ಲ. ಹಾಗಾದರೆ ಉಳಿದ ಬಲ ಎಲ್ಲಿಂದ ಬಂತು?

ನರಗಳಿಂದ. ಸ್ನಾಯುವಿನ ಎಳೆಗಳಿಗೆ ತಾವಾಗಿಯೇ ಸಂಕುಚಿಸಲು ಬರುವುದಿಲ್ಲ. ಬೆನ್ನುಹುರಿಯಿಂದ ಹೊರಟ ಒಂದೊಂದು ನರಕೋಶವೂ ಎಳೆಗಳ ಒಂದೊಂದು ಗುಂಪಿಗೆ ಅಪ್ಪಣೆ ಕೊಡುತ್ತದೆ. ಸಣ್ಣ ಗುಂಪುಗಳು ಮೊದಲು ಎಚ್ಚರಗೊಳ್ಳುತ್ತವೆ, ಭಾರ ಹೆಚ್ಚಿದಂತೆ ದೊಡ್ಡ ಗುಂಪುಗಳ ಸರದಿ ಬರುತ್ತದೆ. ಅಮೆರಿಕದ ಎಲ್ವುಡ್ ಹೆನ್ನೆಮನ್ ಈ ಕ್ರಮವನ್ನು ಗುರುತಿಸಿ ಅರವತ್ತು ವರ್ಷಗಳ ಮೇಲಾಯಿತು. ಹೊಸಬರ ಮೈ ದೊಡ್ಡ ಗುಂಪುಗಳನ್ನು ಕರೆಯಲು ತಡಮಾಡುತ್ತದೆ, ಕರೆದರೂ ಅವುಗಳಿಗೆ ಹೋಗುವ ಸಂಕೇತ ಸಾಕಷ್ಟು ಬಿರುಸಾಗಿರುವುದಿಲ್ಲ. ಜೊತೆಗೆ ಇನ್ನೊಂದು ಎಡವಟ್ಟು. ರಾಡನ್ನು ಮೇಲಕ್ಕೆ ತಳ್ಳುವಾಗ ತೋಳಿನ ಹಿಂಬದಿಯ ಸ್ನಾಯು ಕೆಲಸ ಮಾಡಬೇಕು, ಮುಂಬದಿಯದು ಸಡಿಲವಾಗಬೇಕು. ಅಭ್ಯಾಸವಿಲ್ಲದ ಮೈ ಹೆದರಿ ಎರಡನ್ನೂ ಒಟ್ಟಿಗೆ ಬಿಗಿಹಿಡಿಯುತ್ತದೆ. ಮೊದಲ ದಿನದ ಆ ಗಡಗಡ ನಡುಕಕ್ಕೆ ಈ ಜಗ್ಗಾಟವೂ ಒಂದು ಕಾರಣ. ಕೆಲವೇ ವಾರಗಳಲ್ಲಿ ಇದೆಲ್ಲ ತಕ್ಕಮಟ್ಟಿಗೆ ಸರಿಹೋಗುತ್ತದೆ. ಮೊದಲಿನಿಂದಲೂ ಮೈಯಲ್ಲೇ ಇದ್ದ ಬಲ ಹೊರಗೆ ಬರುತ್ತದೆ.

ಇದಕ್ಕೆ ಇನ್ನೂ ಹಳೆಯ ಸಾಕ್ಷ್ಯವಿದೆ. 1894ರಲ್ಲಿ ಯೇಲ್ ವಿಶ್ವವಿದ್ಯಾಲಯದ ಎಡ್ವರ್ಡ್ ಸ್ಕ್ರಿಪ್ಚರ್ ಪ್ರಯೋಗಾಲಯದಲ್ಲಿ ಬಲಗೈಗೆ ಮಾತ್ರ ಹಿಂಡುವ ಅಭ್ಯಾಸ ಮಾಡಿಸಿದರು. ಸುಮ್ಮನಿದ್ದ ಎಡಗೈಯ ಬಲವೂ ಹೆಚ್ಚಿತು! ಏನೂ ಮಾಡದ ಕೈಯಲ್ಲಿ ಮಾಂಸ ಬೆಳೆಯುವ ಮಾತೇ ಇಲ್ಲ, ಕಲಿತದ್ದು ನರವ್ಯೂಹ. ಒಂದು ಕೈ ಮುರಿದು ಪ್ಲಾಸ್ಟರ್ ಹಾಕಿಸಿಕೊಂಡವರಿಗೆ ಇನ್ನೊಂದು ಕೈಯ ವ್ಯಾಯಾಮ ಹೇಳಿಕೊಡುವುದರ ಹಿಂದೆ ಇರುವುದೂ ಇದೇ ತಿಳಿವಳಿಕೆ.

ಕಲಿಕೆ ಬೇಗ ಆಗುವಂಥದ್ದು. ಕಟ್ಟುವ ಕೆಲಸಕ್ಕೆ ಸಮಯ ಬೇಕು, ಮೂರನೇ ತಿಂಗಳಲ್ಲಿ ಮೈ ಹೆಚ್ಚಾಗಿ ಮಾಡುತ್ತಿರುವುದು ಆ ಕೆಲಸವನ್ನೇ. ಭಾರ ಎತ್ತಿದ ಮೇಲೆ ಸ್ನಾಯುವಿನಲ್ಲಿ ಹೊಸ ಪ್ರೋಟೀನ್ ತಯಾರಾಗುವ ವೇಗ ಒಂದೆರಡು ದಿನ ಏರಿರುತ್ತದೆ. ಬ್ರೆಜಿಲ್‌ನ ಸಂಶೋಧಕರು 2016ರಲ್ಲಿ ತೋರಿಸಿದಂತೆ, ಈ ವೇಗ ಅತಿ ಹೆಚ್ಚಿರುವುದು ಮೊಟ್ಟಮೊದಲ ಅಭ್ಯಾಸದ ನಂತರವೇ. ಆದರೆ ಆ ಪ್ರೋಟೀನಿನ ಬಹುಪಾಲು ಏಟು ತಿಂದ ಎಳೆಗಳ ರಿಪೇರಿಗೇ ಮುಗಿದುಹೋಗುತ್ತದೆ. ವಾರಗಳು ಕಳೆದು ಏಟು ಕಡಿಮೆಯಾದ ಮೇಲಷ್ಟೇ ತಯಾರಾದದ್ದು ಬೆಳವಣಿಗೆಯ ಲೆಕ್ಕಕ್ಕೆ ಸೇರುತ್ತದೆ. ಮೊದಲ ವಾರಗಳಲ್ಲಿ ಕನ್ನಡಿಯಲ್ಲಿ ದಪ್ಪಗೆ ಕಾಣುವ ತೋಳಿನಲ್ಲಿ ಊತದ ಪಾಲೂ ಇರುತ್ತದೆ. ಮರುದಿನ ಮೆಟ್ಟಿಲಿಳಿಯಲು ಆಗದಷ್ಟು ತೊಡೆ ಹಿಡಿದುಕೊಂಡಿದ್ದರೆ ಮಾತ್ರ ವ್ಯಾಯಾಮ ಆದಂತೆ ಎಂಬ ನಂಬಿಕೆಯನ್ನೂ ಇಲ್ಲೇ ಬಿಟ್ಟುಬಿಡಬಹುದು. ನೋವು ಕಡಿಮೆಯಾದ ಮೇಲೇ ಬೆಳವಣಿಗೆ ನೆಟ್ಟಗೆ ನಡೆಯುವುದು.

ಸ್ನಾಯುವಿಗಿಂತಲೂ ಸಾವಕಾಶದ ವಸ್ತು ಒಂದಿದೆ: ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು. ಇದು ಎಷ್ಟು ನಿಧಾನ ಎಂದು ಅಳೆಯಲು ನೆರವಾದದ್ದು ಅಣುಬಾಂಬು. 1950ರ ದಶಕದ ನಡುವಿನಿಂದ 1963ರವರೆಗೆ ಬಯಲಲ್ಲಿ ನಡೆದ ಅಣ್ವಸ್ತ್ರ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ವಿಪರೀತ ಹೆಚ್ಚಿತ್ತು. ಆಗ ತಿಂದುಂಡವರ ಮೈಯಲ್ಲಿ ಅದರ ಗುರುತು ಉಳಿಯಿತು. ಡೆನ್ಮಾರ್ಕ್‌ನ ವಿಜ್ಞಾನಿಗಳು ಹಿಮ್ಮಡಿಯ ಮೇಲಿನ ದಪ್ಪ ರಜ್ಜುವಿನಲ್ಲಿ ಈ ಗುರುತನ್ನು ಹುಡುಕಿ 2013ರಲ್ಲಿ ವರದಿ ಮಾಡಿದರು: ಅದರ ಒಳತಿರುಳು ಸುಮಾರು ಹದಿನೇಳನೇ ವಯಸ್ಸಿನ ಹೊತ್ತಿಗೆ ಆದದ್ದೇ ಕಡೆ, ಮುಂದೆ ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ. ಭಾರದ ಅಭ್ಯಾಸದಿಂದ ರಜ್ಜು ಗಟ್ಟಿಯಾಗುವುದು ನಿಜ, ಆದರೆ ಅದಕ್ಕೆ ತಿಂಗಳುಗಳು ಬೇಕು. ನರ ಮುಂದೆ ಓಡಿ ರಜ್ಜು ಹಿಂದೆ ಉಳಿದಾಗ ಮೊಣಕೈ, ಮಂಡಿ, ಭುಜ ದೂರು ಹೇಳುತ್ತವೆ. ಮೂರನೇ ತಿಂಗಳಲ್ಲಿ ತೂಕ ಏರದೇ ನಿಂತದ್ದು ಕೆಲವರ ಮಟ್ಟಿಗೆ ಒಳ್ಳೆಯದೇ ಆಯಿತು ಎನ್ನಬೇಕು.

ಇಷ್ಟೆಲ್ಲ ಶರೀರಶಾಸ್ತ್ರದ ಮಾತಾಯಿತು. ಆದರೆ ಅರ್ಧ ನಿರಾಶೆಗೆ ಕಾರಣ ಇನ್ನೂ ಸರಳ: ಪ್ಲೇಟು. ನಮ್ಮ ಅನೇಕ ಜಿಮ್‌ಗಳಲ್ಲಿ ಎಲ್ಲಕ್ಕಿಂತ ಚಿಕ್ಕ ಪ್ಲೇಟ್ ಎರಡೂವರೆ ಕೆ.ಜಿ.ಯದು. ಎರಡೂ ಕಡೆ ಹಾಕಿದರೆ ಒಂದೇ ಏಟಿಗೆ ಐದು ಕೆ.ಜಿ. ಏರಿಕೆ. ನೂರು ಕೆ.ಜಿ. ಎತ್ತುವವರಿಗೆ ಅದು ಶೇ. 5. ಮೂವತ್ತು ಎತ್ತುವ ಹುಡುಗಿಗೆ ಶೇ. 17ರ ಹತ್ತಿರ. ಅವಳ ಬಲ ಎರಡು ಕೆ.ಜಿ.ಯಷ್ಟು ಹೆಚ್ಚಿದ್ದರೂ ರಾಡ್ ಆ ಸುದ್ದಿ ಹೇಳುವುದಿಲ್ಲ, ಅವಳು ಸೋತೆನೆಂದು ಮನೆಗೆ ಹೋಗುತ್ತಾಳೆ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಪೈಲ್ವಾನರಿಗೂ ಈ ತೊಡಕು ಇದ್ದೇ ಇದೆ. ಕಲ್ಲಿಗೆ ಅರ್ಧ ಕೆ.ಜಿ. ಅಂಟಿಸಲು ಬರುವುದಿಲ್ಲವಲ್ಲ. ಕಬ್ಬಿಣದ ಪ್ಲೇಟಿಗೆ ಆ ಅನುಕೂಲವಿದೆ, ನಾವು ಬಳಸಿಕೊಳ್ಳುತ್ತಿಲ್ಲ ಅಷ್ಟೆ. ಅಂತರರಾಷ್ಟ್ರೀಯ ವೇಟ್‌ಲಿಫ್ಟಿಂಗ್‌ನಲ್ಲಿ 2005ರಿಂದ ಒಂದೊಂದೇ ಕೆ.ಜಿ. ಏರಿಸಿ ಪ್ರಯತ್ನಿಸಬಹುದು, ಅದಕ್ಕೂ ಮೊದಲು ಎರಡೂವರೆ ಕೆ.ಜಿ. ಕಡ್ಡಾಯವಾಗಿತ್ತು. ಜಗತ್ತಿನ ಅತಿ ಬಲಶಾಲಿಗಳಿಗೇ ಒಂದು ಕೆ.ಜಿ. ಬೇಕಾಗಿರುವಾಗ ಹೊಸಬರಿಗೆ ಐದರ ಜಿಗಿತ ಯಾವ ನ್ಯಾಯ? ಒಂದೂಕಾಲು ಕೆ.ಜಿ. ಪ್ಲೇಟಿನ ಒಂದು ಜೋಡಿ ತರಿಸಿಕೊಡಿ ಎಂದು ಜಿಮ್‌ನವರನ್ನು ಕೇಳಬಹುದು. ಅದೂ ಸಿಗದಿದ್ದರೆ ತೂಕ ಅಷ್ಟೇ ಇಟ್ಟು ಎಂಟು ರೆಪ್ ಒಂಬತ್ತಾಯಿತೇ, ಕೊನೆಯ ರೆಪ್‌ನಲ್ಲಿ ಸೊಂಟ ಮೇಲೇಳಲಿಲ್ಲವೇ ಎಂದು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಬೇಕು.

ಪಳಗಿದವರ ವೇಗ ಎಷ್ಟಿರುತ್ತದೆ ನೋಡಿ. ಕುಂದಾಪುರ ಸೀಮೆಯ ಗುರುರಾಜ ಪೂಜಾರಿ ಭಾರ ಎತ್ತಲು ಕಲಿತದ್ದು ಉಜಿರೆಯಲ್ಲಿ, ಕಾಲೇಜು ಓದುವಾಗ. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಅವರು 56 ಕೆ.ಜಿ. ವಿಭಾಗದಲ್ಲಿ ಒಟ್ಟು 249 ಕೆ.ಜಿ. ಎತ್ತಿ ಬೆಳ್ಳಿ ಗೆದ್ದರು. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕೆ.ಜಿ. ವಿಭಾಗದಲ್ಲಿ 269 ಎತ್ತಿ ಕಂಚು ಪಡೆದರು. ನಾಲ್ಕು ವರ್ಷಕ್ಕೆ ಇಪ್ಪತ್ತು ಕೆ.ಜಿ. ಅದೂ ಎರಡು ಬಗೆಯ ಎತ್ತುವಿಕೆಯನ್ನು ಕೂಡಿಸಿ, ದೇಹತೂಕದ ವಿಭಾಗವೂ ಮೇಲೆ ಹೋದ ಮೇಲೆ.

ಪಕ್ಕದ ಬೆಂಚಿನವನನ್ನು ನೋಡಿ ಕೊರಗುವವರಿಗೂ ಒಂದು ಮಾತು. 2005ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 585 ಮಂದಿ ಹನ್ನೆರಡು ವಾರ ತಾವು ಹೆಚ್ಚು ಬಳಸದ ಕೈಗೆ ಒಂದೇ ಬಗೆಯ ವ್ಯಾಯಾಮ ಮಾಡಿದರು. ಒಮ್ಮೆಗೆ ಎತ್ತಬಲ್ಲ ಗರಿಷ್ಠ ತೂಕ ಕೆಲವರಲ್ಲಿ ಒಂದಿಷ್ಟೂ ಏರಲಿಲ್ಲ, ಕೆಲವರಲ್ಲಿ ಶೇ. 250ರವರೆಗೆ ಏರಿತು. ಪಕ್ಕದವನು ಎರಡನೆಯ ಗುಂಪಿನವನಿರಬಹುದು. ಅಥವಾ ಸ್ಟೀರಾಯ್ಡ್ ಇಂಜೆಕ್ಷನ್ ಚುಚ್ಚಿಸಿಕೊಳ್ಳುತ್ತಿರಬಹುದು. ಆ ದಾರಿಯ ಲೆಕ್ಕ ಹೃದಯ, ಯಕೃತ್ತುಗಳ ಖಾತೆಗೆ ಬೀಳುತ್ತದೆ.

ಊಟದ ವಿಷಯ ಚುಟುಕಾಗಿ. ದೇಹದ ಪ್ರತಿ ಕೆ.ಜಿ. ತೂಕಕ್ಕೆ ದಿನಕ್ಕೆ ಸುಮಾರು 1.6 ಗ್ರಾಂ ಪ್ರೋಟೀನ್ ದಾಟಿದರೆ ಹೆಚ್ಚಿನ ಲಾಭ ಕಾಣುವುದಿಲ್ಲ ಎಂದು 49 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದವರು 2018ರಲ್ಲಿ ಹೇಳಿದ್ದಾರೆ. ಅನ್ನ-ಸಾರು, ಮುದ್ದೆಯಷ್ಟರಿಂದಲೇ ಅದು ತುಂಬುವುದು ಕಷ್ಟ. ಮೊಟ್ಟೆ, ಹಾಲು-ಮೊಸರು, ಕಾಳು, ಮೀನು ಜೊತೆಗಿದ್ದರೆ ಡಬ್ಬಿ ಇಲ್ಲದೆಯೂ ನಡೆಯುತ್ತದೆ.

ಇನ್ನು ಪರೀಕ್ಷೆ, ಜ್ವರ, ಹಬ್ಬ ಬಂದು ಜಿಮ್ ತಪ್ಪಿದಾಗ ಎಲ್ಲ ಕರಗಿಹೋಯಿತು ಎಂಬ ದಿಗಿಲು. ಜಪಾನಿನಲ್ಲಿ ಇದನ್ನೂ ಪರೀಕ್ಷಿಸಿದ್ದಾರೆ. ಹೊಸಬರಾದ ಯುವಕರ ಒಂದು ತಂಡ 24 ವಾರ ಬಿಡದೆ ಬೆಂಚ್ ಪ್ರೆಸ್ ಮಾಡಿತು. ಇನ್ನೊಂದು ತಂಡ ಆರು ವಾರ ಮಾಡಿ ಮೂರು ವಾರ ಪೂರ್ತಿ ಬಿಡುತ್ತ, ಮತ್ತೆ ಹಿಡಿಯುತ್ತ ಸಾಗಿತು. ಕಡೆಗೆ ಎರಡೂ ತಂಡಗಳ ಬಲ, ಸ್ನಾಯುವಿನ ಗಾತ್ರ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಂದಿದ್ದವು. ಬಿಡುವಿನ ನಂತರ ಮೈ ಮತ್ತೆ ಚುರುಕಾಗಿ ಸ್ಪಂದಿಸಿತ್ತು. ಹಾಗಾಗಿ ಊರ ಜಾತ್ರೆಗೆ ಹೋಗಿ, ನಾಲ್ಕು ದಿನ ಹೋಳಿಗೆ ತಿಂದುಕೊಂಡಿದ್ದು ಬರಲು ಅಡ್ಡಿಯಿಲ್ಲ. ಬಂದ ದಿನ ಮಾತ್ರ ಬಿಟ್ಟ ತೂಕಕ್ಕಿಂತ ಒಂದೆರಡು ಪ್ಲೇಟ್ ಕಡಿಮೆ ಹಾಕಿ ಶುರುಮಾಡಿ.