ಖನೊಮ್ ಛನ್

ಖನೊಮ್ ಛನ್ ಥಾಯ್ಲೆಂಡಿನ ಒಂದು ಸಾಂಪ್ರದಾಯಿಕ ಸಿಹಿ ತಿನಿಸು. ಮರಗೆಣಸಿನ ಪಿಷ್ಟ, ಅಕ್ಕಿಹಿಟ್ಟು, ತೆಂಗಿನ ಹಾಲು ಮತ್ತು ಸಕ್ಕರೆಗಳ ಮಿಶ್ರಣವನ್ನು ತೆಳುವಾದ ಪದರಗಳಾಗಿ ಒಂದರ ಮೇಲೊಂದು ಹೊಯ್ದು, ಪ್ರತಿಯೊಂದು ಪದರವನ್ನೂ ಪ್ರತ್ಯೇಕವಾಗಿ ಹಬೆಯಲ್ಲಿ ಬೇಯಿಸಿ ಇದನ್ನು ಸಿದ್ಧಪಡಿಸುತ್ತಾರೆ. ಬಿಳಿ ಮತ್ತು ಹಸಿರು ಬಣ್ಣದ ಪದರಗಳು ಒಂದು ಬಿಟ್ಟು ಒಂದರಂತೆ ಬರುವುದು ಹೆಚ್ಚು ಪ್ರಚಲಿತವಾದ ರೂಪ. ಇದರ ಪದಾರ್ಥಗಳು ಕೆಲವೇ ಆದರೂ, ತಿನಿಸು ಸರಿಯಾಗಿ ಬರುವುದು ಪ್ರತಿ ಪದರ ಬೇಯುವವರೆಗೆ ಕಾಯುವ ತಾಳ್ಮೆಯನ್ನು ಅವಲಂಬಿಸಿದೆ.

ಹೆಸರು ಮತ್ತು ಮಹತ್ವ

ಥಾಯ್ ಭಾಷೆಯಲ್ಲಿ ‘ಖನೊಮ್’ ಎಂದರೆ ಸಿಹಿ ತಿನಿಸು ಅಥವಾ ತಿಂಡಿ. ‘ಛನ್’ ಎಂದರೆ ಪದರ. ಕಟ್ಟಡದ ಅಂತಸ್ತು, ಶಾಲೆಯ ತರಗತಿ ಮತ್ತು ಹುದ್ದೆಯ ಶ್ರೇಣಿ ಎಂಬ ಅರ್ಥಗಳಲ್ಲಿಯೂ ಇದೇ ಪದ ಬಳಕೆಯಲ್ಲಿದೆ. ಆದ್ದರಿಂದ ಈ ತಿನಿಸನ್ನು ಮೇಲೇರುವಿಕೆಯ ಸಂಕೇತವೆಂದು ಭಾವಿಸಿ ಮದುವೆ, ಗೃಹಪ್ರವೇಶ ಹಾಗೂ ಬಡ್ತಿಯ ಸಂದರ್ಭಗಳಲ್ಲಿ ಹಂಚುವ ರೂಢಿಯಿದೆ. ಸಾಂಪ್ರದಾಯಿಕವಾಗಿ 9 ಪದರಗಳಿರಬೇಕೆಂಬ ನಿಯಮವಿದೆ. ಥಾಯ್ ಭಾಷೆಯಲ್ಲಿ ಒಂಬತ್ತು ಎಂಬ ಸಂಖ್ಯಾವಾಚಕದ ಉಚ್ಚಾರಣೆಯು ‘ಮುಂದೆ ಹೆಜ್ಜೆಯಿಡು’ ಎಂಬ ಅರ್ಥದ ಪದದ ಉಚ್ಚಾರಣೆಯನ್ನು ಹೋಲುವುದರಿಂದ ಆ ಸಂಖ್ಯೆ ಶುಭಕರವೆನಿಸಿದೆ.

ಪದಾರ್ಥಗಳು

ಮನೆಯಲ್ಲಿ 18 ಸೆಂ.ಮೀ. ಉದ್ದಗಲದ ಚೌಕ ತಟ್ಟೆಗೆ ಬೇಕಾಗುವ ಪ್ರಮಾಣ ಹೀಗಿದೆ:

• ಮರಗೆಣಸಿನ ಪಿಷ್ಟ – 200 ಗ್ರಾಂ
• ನುಣ್ಣನೆಯ ಅಕ್ಕಿಹಿಟ್ಟು – 50 ಗ್ರಾಂ
• ಗಟ್ಟಿ ತೆಂಗಿನ ಹಾಲು – 500 ಮಿ.ಲೀ.
• ಸಕ್ಕರೆ – 200 ಗ್ರಾಂ
• ಉಪ್ಪು – ಕಾಲು ಟೀ ಚಮಚ
• ಪಂದನ್ ಎಲೆಯ ರಸ – 60 ಮಿ.ಲೀ.
• ನೀರು – 40 ಮಿ.ಲೀ.

ಮರಗೆಣಸಿನ ಪಿಷ್ಟವು ತಿನಿಸಿಗೆ ಹಿಗ್ಗುವ ಗುಣವನ್ನೂ ಅರೆಪಾರದರ್ಶಕತೆಯನ್ನೂ ಕೊಡುತ್ತದೆ. ಅಕ್ಕಿಹಿಟ್ಟು ಆಕಾರವನ್ನು ಹಿಡಿದಿಡುತ್ತದೆ. ಸಬ್ಬಕ್ಕಿ ತಯಾರಾಗುವುದೂ ಮರಗೆಣಸಿನ ಪಿಷ್ಟದಿಂದಲೇ. ಮರಗೆಣಸು ದಕ್ಷಿಣ ಅಮೆರಿಕ ಮೂಲದ ಬೆಳೆ. ಥಾಯ್ ಅಡುಗೆಯಲ್ಲಿ ‘ಥಾವ್ ಯಾಯ್ ಮೊಮ್’ ಎಂಬ ಗೆಡ್ಡೆಯ ಪಿಷ್ಟವನ್ನೂ ಇದರೊಂದಿಗೆ ಸೇರಿಸುವ ಕ್ರಮವಿದೆ.

ಪಂದನ್ ಕೇದಗೆಯ ಕುಲಕ್ಕೆ ಸೇರಿದ ಸಸ್ಯ. ಇದರ ಎಲೆಯಲ್ಲಿರುವ ಸುವಾಸನೆಯ ಸಂಯುಕ್ತವೇ ಬಾಸ್ಮತಿ ಅಕ್ಕಿಯ ಪರಿಮಳಕ್ಕೂ ಮುಖ್ಯ ಕಾರಣ. 8–10 ಎಲೆಗಳನ್ನು ಕತ್ತರಿಸಿ ಸ್ವಲ್ಪ ನೀರಿನೊಂದಿಗೆ ಅರೆದು ಬಟ್ಟೆಯಲ್ಲಿ ಹಿಂಡಿದರೆ ಹಸಿರು ರಸ ಸಿಗುತ್ತದೆ. ನೀಲಿ ಬಣ್ಣ ಬೇಕಾದಲ್ಲಿ ಶಂಖಪುಷ್ಪದ ಹೂಗಳನ್ನು ಬಿಸಿನೀರಿನಲ್ಲಿ ನೆನೆಸಿ ಸೋಸಿದ ನೀರನ್ನು ಬಳಸುತ್ತಾರೆ. ಅದಕ್ಕೆ ಕೆಲವು ಹನಿ ನಿಂಬೆರಸ ಸೇರಿಸಿದರೆ ಬಣ್ಣ ನೇರಳೆಗೆ ತಿರುಗುತ್ತದೆ.

ತಯಾರಿಸುವ ವಿಧಾನ

1. ತೆಂಗಿನ ಹಾಲಿಗೆ ಸಕ್ಕರೆ ಮತ್ತು ಉಪ್ಪನ್ನು ಹಾಕಿ, ಸಕ್ಕರೆ ಕರಗುವವರೆಗೆ ಮಾತ್ರ ಸಣ್ಣ ಉರಿಯಲ್ಲಿ ಬಿಸಿಮಾಡಿ ಆರಿಸಬೇಕು. ಕುದಿಸಬಾರದು.

2. ಎರಡೂ ಹಿಟ್ಟುಗಳನ್ನು ಬೆರೆಸಿ, ಆರಿದ ಹಾಲನ್ನು ಸ್ವಲ್ಪಸ್ವಲ್ಪವೇ ಸೇರಿಸುತ್ತ ಸುಮಾರು 10 ನಿಮಿಷ ನಾದಬೇಕು. ಅನಂತರ ಉಳಿದ ಹಾಲನ್ನು ಹಾಕಿ ತೆಳುವಾಗಿಸಿ, ಗಂಟುಗಳಿಲ್ಲದಂತೆ ಸೋಸಬೇಕು.

3. ಮಿಶ್ರಣವನ್ನು ಎರಡು ಪಾತ್ರೆಗಳಿಗೆ ಹಂಚಬೇಕು. ಅರ್ಧಕ್ಕಿಂತ ತುಸು ಹೆಚ್ಚಿನ ಭಾಗಕ್ಕೆ ಪಂದನ್ ರಸವನ್ನೂ ಉಳಿದ ಭಾಗಕ್ಕೆ ನೀರನ್ನೂ ಬೆರೆಸಬೇಕು. ಹಸಿರು ಮಿಶ್ರಣದಿಂದ 5 ಪದರ, ಬಿಳಿಯದರಿಂದ 4 ಪದರಗಳಾಗುತ್ತವೆ.

4. ಹಬೆಪಾತ್ರೆಯಲ್ಲಿ ನೀರು ಕುದಿಯತೊಡಗಿದ ಮೇಲೆ, ಎಣ್ಣೆ ಸವರಿದ ಖಾಲಿ ತಟ್ಟೆಯನ್ನು 5 ನಿಮಿಷ ಒಳಗಿಟ್ಟು ಕಾಯಿಸಬೇಕು. ತಟ್ಟೆ ಸಮತಟ್ಟಾಗಿ ಕುಳಿತಿರಬೇಕು. ಮುಚ್ಚಳಕ್ಕೆ ಬಟ್ಟೆ ಸುತ್ತಿದರೆ ನೀರಿನ ಹನಿಗಳು ತಿನಿಸಿನ ಮೇಲೆ ಬೀಳುವುದಿಲ್ಲ.

5. ಸುಮಾರು 100 ಮಿ.ಲೀ. ಹಸಿರು ಮಿಶ್ರಣವನ್ನು ಹೊಯ್ದು ಮುಚ್ಚಿ 5 ನಿಮಿಷ ಬೇಯಿಸಬೇಕು. ಪದರ ಗಟ್ಟಿಯಾದ ಮೇಲೆ ಅಷ್ಟೇ ಪ್ರಮಾಣದ ಬಿಳಿ ಮಿಶ್ರಣವನ್ನು ಹೊಯ್ಯಬೇಕು. ಹೀಗೆ ಬಣ್ಣ ಬದಲಿಸುತ್ತ ಹಸಿರು ಪದರದಿಂದಲೇ ಮುಗಿಸಿ, ಕೊನೆಯ ಪದರವನ್ನು 10 ನಿಮಿಷ ಬೇಯಿಸಬೇಕು. ನೀರು ಕಡಿಮೆಯಾದಾಗ ಕುದಿಯುವ ನೀರನ್ನೇ ಸೇರಿಸಬೇಕು.

6. ತಟ್ಟೆಯನ್ನು ಹೊರತೆಗೆದು ಕನಿಷ್ಠ 3–4 ಗಂಟೆ ಆರಲು ಬಿಟ್ಟು, ಎಣ್ಣೆ ಸವರಿದ ಚಾಕುವಿನಿಂದ ತುಂಡರಿಸಬೇಕು.

ಪದರಗಳು ರೂಪುಗೊಳ್ಳುವ ಬಗೆ

ಪಿಷ್ಟದ ಕಣಗಳು ತಣ್ಣನೆಯ ದ್ರವದಲ್ಲಿ ಕರಗುವುದಿಲ್ಲ. ತೇಲಾಡುತ್ತಿದ್ದು ಕ್ರಮೇಣ ತಳ ಸೇರುತ್ತವೆ. ಆದ್ದರಿಂದ ಪ್ರತಿ ಬಾರಿ ಹೊಯ್ಯುವ ಮೊದಲು ಮಿಶ್ರಣವನ್ನು ತಳದಿಂದ ಕಲಕುವುದು ಅವಶ್ಯಕ. ಇದನ್ನು ಮರೆತರೆ ಮೊದಲ ಪದರಗಳು ನೀರಾಗಿಯೂ ಕೊನೆಯವು ರಬ್ಬರಿನಂತೆಯೂ ಆಗುತ್ತವೆ. ಕಾವು ತಗುಲಿದಾಗ ಕಣಗಳು ನೀರನ್ನು ಹೀರಿ ಉಬ್ಬಿ ಅಂಟುಗಟ್ಟುತ್ತವೆ. ಸಕ್ಕರೆಯು ಈ ಕ್ರಿಯೆಯನ್ನು ನಿಧಾನಗೊಳಿಸುವುದರಿಂದ ಅದನ್ನು ಹೆಚ್ಚು ಹಾಕಿದರೆ ಪದರ ಗಟ್ಟಿಯಾಗಲು ಹೆಚ್ಚು ಸಮಯ ಹಿಡಿಯುತ್ತದೆ.

ಹಸಿ ಮಿಶ್ರಣ ಹಾಲಿನಂತೆ ಅಪಾರದರ್ಶಕವಾಗಿರುತ್ತದೆ. ಬೆಂದ ಪದರ ಹೊಳಪು ಪಡೆದು ಅರೆಪಾರದರ್ಶಕವಾಗುತ್ತದೆ. ಗಡಿಯಾರಕ್ಕಿಂತ ಈ ಬದಲಾವಣೆಯೇ ಹೆಚ್ಚು ನಂಬಲರ್ಹವಾದ ಗುರುತು. ಕೆಳಗಿನ ಪದರ ಬೇಯುವ ಮೊದಲೇ ಮೇಲಿನದನ್ನು ಹೊಯ್ದರೆ ಎರಡೂ ಬೆರೆತು ಗೆರೆ ಅಳಿಸಿಹೋಗುತ್ತದೆ. ಪದರದ ಮೇಲೆ ನೀರು ನಿಂತಿರುವಾಗ ಹೊಯ್ದರೆ ಅವು ಕೂಡಿಕೊಳ್ಳದೆ ಜಾರುತ್ತವೆ. ಉರಿ ಅತಿಯಾದರೆ ಮೇಲ್ಮೈ ಅಲೆಯಲೆಯಾಗುತ್ತದೆ. ಸರಿಯಾಗಿ ಬೆಂದ ಖನೊಮ್ ಛನ್‌ನ ಪದರಗಳು ಅಂಟಿಕೊಂಡಿದ್ದರೂ ಬೆರಳಿನಿಂದ ಬಿಡಿಸಿದಾಗ ಹರಿಯದೆ ಒಂದೊಂದಾಗಿ ಬರುತ್ತವೆ. ಹೀಗೆ ಬಿಡಿಸಿ ತಿನ್ನುವುದು ಥಾಯ್ ಮಕ್ಕಳಿಗೆ ಪ್ರಿಯವಾದ ಕ್ರಮ.

ಸಂಗ್ರಹಣೆ

ತೆಂಗಿನ ಹಾಲಿರುವುದರಿಂದ ಈ ತಿನಿಸು ಬೇಗ ಹಳಸುತ್ತದೆ. ತಯಾರಿಸಿದ ದಿನವೇ ತಿನ್ನುವುದು ಉತ್ತಮ. ಶೀತಕದಲ್ಲಿಟ್ಟರೆ ಕೆಡುವುದು ತಡವಾಗುತ್ತದೆಯಾದರೂ ಪಿಷ್ಟ ಬಿರುಸಾಗಿ ಮೃದುತ್ವ ಕಳೆದುಕೊಳ್ಳುತ್ತದೆ. ಮತ್ತೆ ಕೆಲವು ನಿಮಿಷ ಹಬೆಯಲ್ಲಿಟ್ಟು ಆರಿಸಿದರೆ ಮೊದಲಿನ ಹದ ಬಹುಮಟ್ಟಿಗೆ ಮರಳುತ್ತದೆ.

ಇತರ ರೂಪಗಳು

ಬೆಂದ ಪದರಗಳನ್ನು ಪಟ್ಟಿಗಳಾಗಿ ಕತ್ತರಿಸಿ ಸುತ್ತಿ ಗುಲಾಬಿ ಹೂವಿನ ಆಕಾರ ಕೊಡುವ ಪದ್ಧತಿಯೂ ಇದೆ. ಇಂಡೋನೇಷ್ಯಾದ ಕುಎ ಲಾಪಿಸ್, ಮಲೇಷ್ಯಾ ಮತ್ತು ಸಿಂಗಾಪುರಗಳ ಕುಯಿ ಲಾಪಿಸ್, ವಿಯೆಟ್ನಾಂನ ಬಾನ್ ಯಾ ಲೋನ್ ಇವು ಇದೇ ಬಗೆಯ ಪದರದ ತಿನಿಸುಗಳು. ವಿಯೆಟ್ನಾಂನ ತಿನಿಸಿನಲ್ಲಿ ಹಸಿರು ಪದರಗಳ ನಡುವೆ ಹೆಸರುಬೇಳೆಯ ಹಳದಿ ಪದರವಿರುವುದು ವಿಶೇಷ.